ಪಿಕಪ್ ತೊಟ್ಟಿಗೊಂದು ಮಲಗುವ ಗೂಡು: ಫೋಮ್ ಮತ್ತು ಗಾಜುನಾರಿನ ಪ್ಯಾನಲ್‌ಗಳಿಂದ ಕಟ್ಟುವ ಬಗೆ

ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂರಿಸಿ, ಬೇಡವಾದಾಗ ನಾಲ್ಕೈದು ಜನ ಹಿಡಿದು ಕೆಳಗಿಳಿಸಬಹುದಾದ, ಇಬ್ಬರು ಕಾಲು ಚಾಚಿ ಮಲಗಬಹುದಾದ ಒಂದು ಪೆಟ್ಟಿಗೆಯನ್ನು ಮನೆಯ ಅಂಗಳದಲ್ಲೇ ಕಟ್ಟಿಕೊಳ್ಳುವ ವಿಧಾನವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಬೊಲೆರೊ ಕ್ಯಾಂಪರ್ ಎಂಬ ಹೆಸರಿನ ಗಾಡಿ ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಓಡಾಡುತ್ತಿದ್ದರೂ ಅದರಲ್ಲಿ ಮಲಗುವ ವ್ಯವಸ್ಥೆಯೇನೂ ಇಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಕೊರತೆಯನ್ನು ಪ್ಲೈವುಡ್ ಮತ್ತು ಕಬ್ಬಿಣದ ಚೌಕಟ್ಟಿನಿಂದ ತುಂಬಿಸಬಹುದು, ಆದರೆ ಆಗ ತೂಕ ಏರುತ್ತದೆ, ಬಿಸಿಲಿಗೆ ಒಳಗೆ ಕುಲುಮೆಯಾಗುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲೈವುಡ್ಡಿನ ಅಂಚು ಉಬ್ಬಿ ನಿಲ್ಲುತ್ತದೆ. ಹಗುರವಾದ ಫೋಮ್ ಹಲಗೆಯ ಎರಡೂ ಮೈಗೆ ಗಾಜುನಾರಿನ ಬಟ್ಟೆಯನ್ನು ರೆಸಿನ್‌ನಿಂದ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಅಂಟಿಸಿ ಮಾಡುವ ಪ್ಯಾನಲ್ ಈ ಮೂರೂ ತೊಂದರೆಗಳನ್ನು ಒಟ್ಟಿಗೆ ನೀಗಿಸುತ್ತದೆ.

ಇಂಥ ಪ್ಯಾನಲ್‌ನಲ್ಲಿ ನಡುಭಾಗ ಕೈಕೊಡುವುದು ಅಪರೂಪ. ಕೈಕೊಡುವುದು ಅಂಚು, ಕೂಡು ಮತ್ತು ತೂತು. ಆದ್ದರಿಂದ ಕೆಲಸದ ಅರ್ಧದಷ್ಟು ಸಮಯವನ್ನು ಈ ಮೂರಕ್ಕೇ ಮೀಸಲಿಡಬೇಕು. ಈ ಬರಹದಲ್ಲಿಯೂ ಹಾಗೆಯೇ ಮಾಡಿದ್ದೇನೆ.

ಸಾಮಾನು ಕೊಳ್ಳುವ ಮೊದಲು ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಇನ್ನಷ್ಟು ಖಚಿತವಾಗಿ ಎತ್ತಿಹಿಡಿದಿದೆ. ವಾಸದ ವ್ಯವಸ್ಥೆಯಿರುವ ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ವಾಹನೋದ್ಯಮ ಮಾನದಂಡವೇ ಇದೆ. ಹೀಗಾಗಿ ತೊಟ್ಟಿಯನ್ನು ಕತ್ತರಿಸಿ, ಷಾಸಿಗೆ ಬೆಸುಗೆ ಹಾಕಿ ಪೆಟ್ಟಿಗೆಯನ್ನು ಖಾಯಂ ಆಗಿ ಕೂರಿಸುವ ಯೋಚನೆಯನ್ನು ಮೊದಲೇ ಬಿಟ್ಟುಬಿಡಿ. ಇಲ್ಲಿ ಹೇಳುತ್ತಿರುವುದು ಗಾಡಿಯ ಒಂದು ಬೋಲ್ಟನ್ನೂ ಬದಲಿಸದೆ, ತೊಟ್ಟಿಯ ಕೊಂಡಿಗಳಿಗೆ ಬಿಗಿದು, ಬಿಚ್ಚಿ ಇಳಿಸಬಹುದಾದ ಪೆಟ್ಟಿಗೆ. ಆದರೂ ಅಳತೆಯ ಒಂದು ಚಿತ್ರ ಬರೆದುಕೊಂಡು ನಿಮ್ಮ ಊರಿನ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಜಾಣತನ. ಗಾಡಿ ಓಡುತ್ತಿರುವಾಗ ಅದರೊಳಗೆ ಯಾರೂ ಕೂರಬಾರದು, ಮಕ್ಕಳು ಎಷ್ಟೇ ಹಟ ಮಾಡಿದರೂ.

ಅಳತೆ ಮತ್ತು ತೂಕದ ಲೆಕ್ಕ

ನನ್ನ ಗಾಡಿಯ ತೊಟ್ಟಿಯ ಒಳ ಅಳತೆ 8 ಅಡಿ ಉದ್ದ, ಐದೂವರೆ ಅಡಿ ಅಗಲ. ಸುತ್ತ ಬೆರಳು ಆಡುವಷ್ಟು ಜಾಗ ಬಿಟ್ಟು ಪೆಟ್ಟಿಗೆಯ ಹೊರ ಅಳತೆಯನ್ನು 2400 ಮಿ.ಮೀ. ಉದ್ದ, 1600 ಮಿ.ಮೀ. ಅಗಲ, 1250 ಮಿ.ಮೀ. ಎತ್ತರವೆಂದು ಇಟ್ಟುಕೊಂಡೆ. ಈ ಅಂಕಿಗಳಿಗೆ ಕಾರಣವಿದೆ. ನಮ್ಮಲ್ಲಿ ಎಕ್ಸ್‌ಪಿಎಸ್ (ಪಾಲಿಸ್ಟೈರೀನ್‌ನ ಬಿಗಿಯಾದ ಒಂದು ಬಗೆ) ಫೋಮ್ ಹಲಗೆ ಸಾಮಾನ್ಯವಾಗಿ 1250 × 600 ಮಿ.ಮೀ. ಅಳತೆಯಲ್ಲಿ ಸಿಗುತ್ತದೆ, ನಾಲ್ಕು ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಜೋಡಿಸಿದರೆ ಒಂದು ಪಕ್ಕದ ಗೋಡೆ ಯಾವ ತುಂಡೂ ವ್ಯರ್ಥವಾಗದೆ ಮುಗಿಯುತ್ತದೆ. ನಿಮ್ಮ ತೊಟ್ಟಿಯ ಅಳತೆ ಬೇರೆಯಿದ್ದರೆ ಮೊದಲು ಫೋಮ್‌ನ ಅಳತೆಗೆ ಹೊಂದಿಸಿ ಚಿತ್ರ ಬರೆದುಕೊಳ್ಳಿ. ಮೇಲಿನ ಅಳತೆಗೆ 40 ಮಿ.ಮೀ. ದಪ್ಪದ 25 ಹಲಗೆಗಳು ಬೇಕಾಗುತ್ತವೆ. ಒಂದೆರಡು ಮೂಲೆ ಮುರಿದೇ ಬರುತ್ತವಾದ್ದರಿಂದ 28 ತರಿಸುವುದು ಒಳ್ಳೆಯದು.

ಪೆಟ್ಟಿಗೆಯ ಆರೂ ಮೈ ಸೇರಿ ಸುಮಾರು 18 ಚದರ ಮೀಟರ್ ಪ್ಯಾನಲ್ ಆಗುತ್ತದೆ. ಒಂದು ಚದರ ಮೀಟರ್‌ಗೆ ಫೋಮ್ ಒಂದೂಕಾಲು ಕೆ.ಜಿ., ಎರಡೂ ಮೈಯ ಗಾಜುನಾರು ಮತ್ತು ರೆಸಿನ್ ಸೇರಿ 2.4 ಕೆ.ಜಿ., ಅಂಟಿನ ಲೇಪ ಅರ್ಧ ಕೆ.ಜಿ. ಎಂದು ಹಿಡಿದರೆ 4.2 ಕೆ.ಜಿ. ಆಸುಪಾಸಿನಲ್ಲಿ ನಿಲ್ಲುತ್ತದೆ, ಅಂದರೆ ಇಡೀ ಕವಚ 75 ಕೆ.ಜಿ. ಅದೇ ಪೆಟ್ಟಿಗೆಯನ್ನು 12 ಮಿ.ಮೀ. ಪ್ಲೈವುಡ್‌ನಿಂದ ಮಾಡಿದರೆ ಹಲಗೆಯೊಂದೇ 140 ಕೆ.ಜಿ. ದಾಟುತ್ತದೆ; ಶೀತಲ ಗೋದಾಮುಗಳಿಗೆ ಬಳಸುವ, ಎರಡೂ ಕಡೆ ಅರ್ಧ ಮಿ.ಮೀ. ತಗಡಿರುವ 50 ಮಿ.ಮೀ. ಪಫ್ ಪ್ಯಾನಲ್‌ನಿಂದ ಮಾಡಿದರೆ 180 ಕೆ.ಜಿ. ತಗಡಿನ ಪಫ್ ಪ್ಯಾನಲ್ ಕೆಟ್ಟದ್ದೇನಲ್ಲ, ತೋಟದಲ್ಲಿ ಖಾಯಂ ಆಗಿ ನಿಲ್ಲುವ ಕೋಣೆಗೆ ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಕುಲುಕಾಡುವ ಗಾಡಿಯ ಮೇಲೆ ಮಾತ್ರ ಅದರ ತಗಡು ಮತ್ತು ಮೊಳೆ ಹೊಡೆದ ಕೂಡುಗಳು ಸಡಿಲವಾಗುತ್ತವೆ.

ಪ್ಯಾನಲ್‌ಗೆ ಬಲ ಎಲ್ಲಿಂದ ಬರುತ್ತದೆ

ಇದನ್ನು ಹೋಳಿಗೆಯ ಹಾಗೆ ಕಲ್ಪಿಸಿಕೊಳ್ಳಬಹುದು: ನಡುವೆ ಮೆತ್ತಗಿನ ಹೂರಣ, ಹೊರಗೆ ತೆಳುವಾದ ಕಣಕ. ಪ್ಯಾನಲ್ ಬಾಗಿದಾಗ ಒಂದು ಮೈಯ ಗಾಜುನಾರು ಎಳೆಯಲ್ಪಡುತ್ತದೆ, ಇನ್ನೊಂದು ಮೈಯದು ಒತ್ತಲ್ಪಡುತ್ತದೆ, ನಡುವಿನ ತಿರುಳು ಇವೆರಡನ್ನೂ ದೂರದಲ್ಲಿ ಹಿಡಿದಿಟ್ಟು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಒಂದು ಫೈಬರ್ ಹಾಳೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ನಡುವೆ ಹಗುರವಾದ ತಿರುಳಿಟ್ಟು ಒಟ್ಟು ದಪ್ಪವನ್ನು ನಾಲ್ಕು ಪಟ್ಟು ಮಾಡಿದರೆ ಬಾಗದಿರುವ ಶಕ್ತಿ ಸುಮಾರು 37 ಪಟ್ಟು ಹೆಚ್ಚುತ್ತದೆ, ತೂಕ ಮಾತ್ರ ಅತ್ಯಲ್ಪವಾಗಿ ಏರುತ್ತದೆ. 1940ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಹಾರಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಮಾಸ್ಕಿಟೊ ಯುದ್ಧವಿಮಾನದ ಮೈಯನ್ನು ಬಾಲ್ಸಾ ಮರದ ತಿರುಳು ಮತ್ತು ಬರ್ಚ್ ಪ್ಲೈವುಡ್ ಹೊದಿಕೆಯಿಂದ ಮಾಡಿದ್ದು ಇದೇ ತತ್ವದ ಮೇಲೆ. ಆದರೆ ಹೊದಿಕೆ ತಿರುಳಿನಿಂದ ಬಿಟ್ಟುಕೊಂಡ ಕ್ಷಣ ಈ ಲೆಕ್ಕವೆಲ್ಲ ಮುಗಿಯಿತು, ಉಳಿಯುವುದು ಮುಕ್ಕಾಲು ಮಿ.ಮೀ. ದಪ್ಪದ ಎರಡು ಬಳುಕುವ ಹಾಳೆಗಳು ಮಾತ್ರ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ಬೆಸೆತವನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಇವೆ.

ಸಾಮಾನುಗಳ ಆಯ್ಕೆ

ತಿರುಳಿಗೆ ಪ್ಯಾಕಿಂಗ್‌ಗೆ ಬರುವ ಬಿಳಿ ಥರ್ಮಾಕೋಲ್ ಬೇಡ. ಕಾಳುಕಾಳಾಗಿ ಉದುರುವ ಅದು ಕುಲುಕಾಟ ತಡೆಯುವುದಿಲ್ಲ. ಪ್ರತಿ ಘನ ಮೀಟರ್‌ಗೆ 32ರಿಂದ 35 ಕೆ.ಜಿ. ಸಾಂದ್ರತೆಯ ಎಕ್ಸ್‌ಪಿಎಸ್ ಹಲಗೆ ಬೇಕು. ಇದರೊಳಗಿನ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರು ಹೀರುವುದು ತೀರಾ ಕಡಿಮೆ.

ರೆಸಿನ್ ವಿಷಯದಲ್ಲಿ ಮಾತ್ರ ರಾಜಿ ಸಾಧ್ಯವಿಲ್ಲ. ನಮ್ಮಲ್ಲಿ ನೀರಿನ ತೊಟ್ಟಿ, ಬೈಕಿನ ಡೂಮ್, ದೇವರ ಪಲ್ಲಕ್ಕಿಯ ಬೊಂಬೆಯವರೆಗೆ ಎಲ್ಲಕ್ಕೂ ಫೈಬರ್ ಕೆಲಸದವರು ಬಳಸುವುದು ಅಗ್ಗದ ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಎಂಬ ದ್ರವವು ಎಕ್ಸ್‌ಪಿಎಸ್ ಫೋಮನ್ನು ಕರಗಿಸಿಬಿಡುತ್ತದೆ. ನಂಬಿಕೆ ಬಾರದಿದ್ದರೆ ಒಂದು ಚೂರು ಫೋಮಿನ ಮೇಲೆ ಚಮಚದಷ್ಟು ಪಾಲಿಯೆಸ್ಟರ್ ಹಾಕಿ ನೋಡಿ: ಮೊದಲು ಮೇಲ್ಮೈ ಒದ್ದೆಯಾದಂತೆ ಹೊಳೆಯುತ್ತದೆ, ಆಮೇಲೆ ನಡುವೆ ಸಣ್ಣ ಕುಳಿ ಬೀಳುತ್ತದೆ, ಚಹಾ ಕುಡಿದು ಬರುವಷ್ಟರಲ್ಲಿ ಆ ಕುಳಿ ಹಲಗೆಯ ಆಳಕ್ಕೆ ಇಳಿದಿರುತ್ತದೆ. ನನಗೆ ಸಾಮಾನು ಕೊಟ್ಟ ಅಂಗಡಿಯವರು ‘ಏನೂ ಆಗಲ್ಲ ಸಾರ್, ಎಲ್ಲರೂ ಇದನ್ನೇ ಹಾಕ್ತಾರೆ’ ಎಂದು ಧೈರ್ಯ ಹೇಳಿದ್ದರು. ಅವರ ಗಿರಾಕಿಗಳು ಫೋಮ್ ಬಳಸುವವರಾಗಿರಲಿಲ್ಲ ಅಷ್ಟೆ. ಆದ್ದರಿಂದ ಎಪಾಕ್ಸಿ ರೆಸಿನ್ ಮಾತ್ರ ಬಳಸಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಚಿರಪರಿಚಿತವಾಗಿರುವ ಎಲ್‌ವೈ 556 ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಎಚ್‌ವೈ 951 ಹಾರ್ಡನರ್ ಜೋಡಿ ಈ ಕೆಲಸಕ್ಕೆ ಸಾಕು; ಅದರ ಪ್ರಮಾಣ ತೂಕದಲ್ಲಿ 100ಕ್ಕೆ 10.

ಗಾಜುನಾರಿನಲ್ಲಿಯೂ ಆಯ್ಕೆಯಿದೆ. ಅಂಗಡಿಯಲ್ಲಿ ಮೊದಲು ತೋರಿಸುವುದು ನಾರನ್ನು ಕತ್ತರಿಸಿ ಹರಡಿದ ಮ್ಯಾಟ್. ಅದರ ಎಳೆಗಳನ್ನು ಹಿಡಿದಿರುವ ಅಂಟು ಸಾಮಾನ್ಯವಾಗಿ ಸ್ಟೈರೀನ್‌ನಲ್ಲಿ ಕರಗಲೆಂದೇ ಮಾಡಿದ್ದು. ಎಪಾಕ್ಸಿಯಲ್ಲಿ ಅದು ಸರಿಯಾಗಿ ಕರಗದೆ ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ, ರೆಸಿನ್ ಕೂಡ ವಿಪರೀತ ಕುಡಿಯುತ್ತದೆ. ಹಾಗಾಗಿ ನೇಯ್ದ ಬಟ್ಟೆ ತನ್ನಿ. ಚದರ ಮೀಟರ್‌ಗೆ 300 ಗ್ರಾಂ ತೂಗುವ ಬಟ್ಟೆಯ ಎರಡು ಪದರ ಪ್ರತಿ ಮೈಗೂ ಬೇಕು, ಒಂದರ ಎಳೆ ನೇರವಾಗಿ, ಇನ್ನೊಂದರ ಎಳೆ 45 ಡಿಗ್ರಿ ಓರೆಯಾಗಿ. ಒಟ್ಟು 22 ಕೆ.ಜಿ. ಬಟ್ಟೆ ಬೇಕಾಗುವುದರಿಂದ ಕತ್ತರಿಸುವ ನಷ್ಟ ಸೇರಿಸಿ 25 ಕೆ.ಜಿ. ತನ್ನಿ, ಹಾರ್ಡನರ್ ಸೇರಿ ಎಪಾಕ್ಸಿ ಸುಮಾರು 40 ಕೆ.ಜಿ. ಖರ್ಚಾಗುತ್ತದೆ. ಇವುಗಳ ಜೊತೆಗೆ ಅಂಟನ್ನು ಗಟ್ಟಿ ಮಾಡುವ ಎರಡು ಪುಡಿಗಳು ಬೇಕು: ಹಗುರವಾಗಿಸಲು ಗಾಜಿನ ಸೂಕ್ಷ್ಮಗೋಳಗಳ ಪುಡಿ, ಜಾರದಂತೆ ನಿಲ್ಲಿಸಲು ಫ್ಯೂಮ್ಡ್ ಸಿಲಿಕಾ. ಕಿಟಕಿಯ ರಬ್ಬರ್ ಬೀಡಿಂಗ್, ಚಿಲಕ, ಬಾಗಿಲಿನ ಕೀಲುಗಳಿಗೆ ಬೆಂಗಳೂರಿನವರು ಕಲಾಸಿಪಾಳ್ಯದ ಬಸ್ ಬಿಡಿಭಾಗದ ಅಂಗಡಿಗಳನ್ನು, ಉಳಿದ ಹಾರ್ಡ್‌ವೇರ್‌ಗೆ ಎಸ್.ಜೆ.ಪಿ. ರಸ್ತೆಯನ್ನು ಒಮ್ಮೆ ಸುತ್ತಿದರೆ ಸಾಕು.

ಕಾಲ ಮತ್ತು ಜಾಗ

ದೀಪಾವಳಿ ಕಳೆದ ಮೇಲೆ ಶುರುಮಾಡಿ ಯುಗಾದಿಯೊಳಗೆ ಮುಗಿಸುವಂತೆ ಯೋಜನೆ ಹಾಕಿಕೊಳ್ಳಿ. ಆಷಾಢದ ಹಸಿ ಗಾಳಿಯಲ್ಲಿ ಎಪಾಕ್ಸಿ ಹಚ್ಚಿದರೆ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿಕೊಂಡು ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕಟ್ಟುತ್ತದೆ, ಅದರ ಮೇಲೆ ಹಚ್ಚಿದ ಮುಂದಿನ ಪದರ ಹಿಡಿಯುವುದಿಲ್ಲ. ಅನಿವಾರ್ಯವಾಗಿ ಹಾಗಾದರೆ ಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ಆಮೇಲೆ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಇನ್ನಷ್ಟು ಒಳಗಿಳಿಯುತ್ತದೆ.

ಒಂದು ಇಡೀ ಪ್ಯಾನಲ್ ಮಲಗಿಸಬಹುದಾದ ಸಮತಟ್ಟಾದ ಮೇಜು ಅತ್ಯಗತ್ಯ. ಮೇಜು ಸೊಟ್ಟಗಿದ್ದರೆ ಪ್ಯಾನಲ್ ಅದೇ ಸೊಟ್ಟವನ್ನು ಶಾಶ್ವತವಾಗಿ ಉಳಿಸಿಕೊಳ್ಳುತ್ತದೆ. 18 ಮಿ.ಮೀ. ಪ್ಲೈವುಡ್ ಹಾಳೆಗಳನ್ನು ಕಬ್ಬಿಣದ ಪೈಪುಗಳ ಮೇಲೆ ಕೂರಿಸಿ, ಎರಡೂ ಕರ್ಣಗಳಲ್ಲಿ ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ, ಕೆಳಗೆ ಚಕ್ಕೆ ತುರುಕಿ ಸರಿಪಡಿಸಿಕೊಳ್ಳಿ. ಮೇಲೆ ದಪ್ಪ ಪಾಲಿಥೀನ್ ಹಾಳೆ ಎಳೆದು ಹಾಸಿದರೆ ರೆಸಿನ್ ಅಂಟುವುದಿಲ್ಲ.

ಪ್ಯಾನಲ್ ಮಾಡುವುದು

ಮೊದಲು ಫೋಮ್ ಹಲಗೆಗಳನ್ನು ಜೋಡಿಸಿ ಒಂದೊಂದು ಗೋಡೆಯಷ್ಟು ದೊಡ್ಡ ಹಾಳೆ ಮಾಡಬೇಕು. ಹಲಗೆಗಳ ನಡುವಿನ ಗೆರೆಗಳು ಸೂರಿನಲ್ಲಿ ಒಂದೇ ಸಾಲಿಗೆ ಬಾರದಂತೆ, ಇಟ್ಟಿಗೆ ಕಟ್ಟುವಂತೆ ತಪ್ಪಿಸಿ ಕೂರಿಸಿ. ಅಂಟು ಹಾಕುವಾಗ ಮೇಲ್ಮೈಯಿಂದ 3 ಮಿ.ಮೀ. ಕೆಳಗೇ ನಿಲ್ಲಿಸಿ. ಮೇಲಕ್ಕೆ ಉಕ್ಕಿ ಗಟ್ಟಿಯಾದ ಎಪಾಕ್ಸಿ ಫೋಮಿಗಿಂತ ಎಷ್ಟೋ ಪಟ್ಟು ಗಡುಸಾಗಿರುವುದರಿಂದ ಉಜ್ಜುವಾಗ ಅಕ್ಕಪಕ್ಕದ ಫೋಮ್ ಸವೆದು ಆ ಗೆರೆ ಮಾತ್ರ ಬದುವಿನಂತೆ ಎದ್ದು ನಿಲ್ಲುತ್ತದೆ.

ಎಕ್ಸ್‌ಪಿಎಸ್ ಹಲಗೆಯ ಮೇಲ್ಮೈ ಕಾರ್ಖಾನೆಯಿಂದ ನುಣುಪಾಗಿ ಬರುತ್ತದೆ. ಆ ನುಣುಪೇ ನಮ್ಮ ಶತ್ರು. ಉದ್ದನೆಯ ಮರದ ಪಟ್ಟಿಗೆ 60 ನಂಬರಿನ ಉಜ್ಜುಕಾಗದ ಅಂಟಿಸಿ ಹೊಳಪೆಲ್ಲ ಹೋಗುವವರೆಗೆ ಉಜ್ಜಿ, ಆಮೇಲೆ ಗರಗಸದ ತುಂಡಿನಿಂದ ಅಡ್ಡಡ್ಡ ಮತ್ತು ಉದ್ದುದ್ದ ತೆಳುವಾದ ಗೀರುಗಳನ್ನು ಎಳೆಯಿರಿ. ಧೂಳನ್ನು ಪೂರ್ತಿ ಹೀರಿ ತೆಗೆದ ಮೇಲೆ ಬರಿಗೈಯಿಂದ ಮುಟ್ಟಬೇಡಿ. ಗಾಜಿನ ನಾರು ಚುಚ್ಚದಿರಲೆಂದು ಕೆಲವರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೆಲಸಕ್ಕಿಳಿಯುತ್ತಾರೆ. ಆ ಎಣ್ಣೆಯ ಬೆರಳಚ್ಚು ಬಿದ್ದಲ್ಲೆಲ್ಲ ಹೊದಿಕೆ ಬಿಟ್ಟುಕೊಳ್ಳುತ್ತದೆ. ನೈಟ್ರೈಲ್ ಕೈಗವಸು, ತುಂಬುತೋಳಿನ ಅಂಗಿ, ಉಜ್ಜುವಾಗ ಒಳ್ಳೆಯ ಮಾಸ್ಕ್, ಇವಿಷ್ಟನ್ನು ತಪ್ಪಿಸಬೇಡಿ. ಎಪಾಕ್ಸಿ ಪದೇಪದೇ ಚರ್ಮಕ್ಕೆ ತಾಗಿದರೆ ಮುಂದೆ ಜೀವಮಾನವಿಡೀ ಅದರ ವಾಸನೆಗೇ ತುರಿಕೆ ಏಳುವಂಥ ಅಲರ್ಜಿ ಬರಬಹುದು. ತಾಗಿದ್ದನ್ನು ಸೋಪಿನಿಂದ ತೊಳೆಯಿರಿ, ತಿನ್ನರ್‌ನಿಂದ ಒರೆಸಬೇಡಿ.

ಬಾಗಿಲು, ಕೀಲು, ಕೊಂಡಿ ಬರುವ ಕಡೆಗಳನ್ನು ಈಗಲೇ ಗುರುತಿಸಿ, ಅಲ್ಲಿನ ಫೋಮನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಾಳುವ) ಪ್ಲೈವುಡ್ ತುಂಡುಗಳನ್ನು ಅಂಟಿಸಿ ಕೂರಿಸಿ. ಯಾವ ತುಂಡು ಎಲ್ಲಿದೆ ಎಂಬುದನ್ನು ಅಳತೆಸಹಿತ ಬರೆದಿಡಿ ಮತ್ತು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ, ಏಕೆಂದರೆ ಮೇಲೆ ಹೊದಿಕೆ ಬಂದು ಬಣ್ಣ ಬಿದ್ದ ಮೇಲೆ ಅದನ್ನು ಹುಡುಕುವುದು ಗೋಡೆಯೊಳಗಿನ ಪೈಪು ಹುಡುಕಿದ ಹಾಗೆಯೇ.

ಹೊದಿಕೆ ಹಚ್ಚುವ ಕೆಲಸವನ್ನು ಬೆಳಗ್ಗೆ ಆರಂಭಿಸಬೇಡಿ. ನನ್ನ ಮೊದಲ ಪ್ಯಾನಲ್ ಕೆಟ್ಟದ್ದು ಇದರಿಂದಲೇ: ಬೆಳಗಿನ ತಂಪಿನಲ್ಲಿ ಹಚ್ಚಿದ ಪದರವು ಹತ್ತು ಗಂಟೆಯ ಬಿಸಿಲೇರುತ್ತಿದ್ದಂತೆ ಅಲ್ಲಲ್ಲಿ ರೂಪಾಯಿ ನಾಣ್ಯದಗಲ ಉಬ್ಬಿಕೊಂಡಿತು. ಫೋಮಿನ ಮೇಲ್ಪದರದಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹಿಗ್ಗಿ ರೆಸಿನ್ನನ್ನು ಹೊರಕ್ಕೆ ದೂಡುತ್ತದೆ. ಮಧ್ಯಾಹ್ನ ಮೂರು ಗಂಟೆಯ ನಂತರ, ಉಷ್ಣತೆ ಇಳಿಯುತ್ತಿರುವಾಗ, ನೆರಳಿನಲ್ಲಿ ಹಚ್ಚಿದರೆ ಅದೇ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ರೆಸಿನ್ನನ್ನು ಅಳೆಯಲು ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಬೇಕು. 200 ಗ್ರಾಂ ರೆಸಿನ್‌ಗೆ 20 ಗ್ರಾಂ ಹಾರ್ಡನರ್ ಹಾಕುವಲ್ಲಿ ಎರಡು ಗ್ರಾಂ ಹೆಚ್ಚಾದರೂ ಹತ್ತರಲ್ಲಿ ಒಂದು ಪಾಲು ತಪ್ಪಿದಂತೆ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿಯುವ ಅಭ್ಯಾಸ ಪಾಲಿಯೆಸ್ಟರ್ ಕೆಲಸದವರಿಂದ ಬಂದದ್ದು; ಎಪಾಕ್ಸಿಯಲ್ಲಿ ಹಾಗೆ ಮಾಡಿದರೆ ಅದು ಬಲಹೀನವಾಗಿ ಮೆತ್ತಗೆ ಉಳಿಯುತ್ತದೆ. ಒಮ್ಮೆಗೆ ಕಾಲು ಕೆ.ಜಿ.ಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಕಪ್ಪಿನಲ್ಲೇ ಇಟ್ಟುಕೊಂಡಿರಬೇಡಿ. ರಾಶಿಯಾಗಿ ನಿಂತ ಎಪಾಕ್ಸಿ ತನ್ನ ಕಾವಿನಿಂದಲೇ ಬೆಂದು ಹೊಗೆಯಾಡಿ ಪ್ಲಾಸ್ಟಿಕ್ ಕಪ್ಪನ್ನು ಕರಗಿಸುತ್ತದೆ. ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಂಡರೆ ಸಮಯ ಸಿಗುತ್ತದೆ.

ಮೊದಲು ಸೂಕ್ಷ್ಮಗೋಳ ಬೆರೆಸಿದ, ದೋಸೆಹಿಟ್ಟಿನ ಹದದ ಲೇಪವನ್ನು ಫೋಮಿಗೆ ಎಳೆದು ಗೀರುಗಳನ್ನು ತುಂಬಿಸಿ. ಅದು ಹಸಿಯಾಗಿರುವಾಗಲೇ ಮೊದಲ ಬಟ್ಟೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ಪಟ್ಟಿಯಿಂದ ರೆಸಿನ್ ಎಳೆಯುತ್ತ ಹೋಗಿ. ಬಿಳಿಯಾಗಿದ್ದ ಬಟ್ಟೆ ನೆನೆದಂತೆ ಪಾರದರ್ಶಕವಾಗುತ್ತದೆ. ಬಿಳಿಯಾಗಿ ಉಳಿದ ಕಡೆ ರೆಸಿನ್ ಸಾಲದು, ಹೊಳೆಯುವ ಕೆರೆಯಂತೆ ನಿಂತ ಕಡೆ ಹೆಚ್ಚಾಗಿದೆ. ಬಟ್ಟೆಯ ತೂಕದಷ್ಟೇ ರೆಸಿನ್ ಎಂಬುದು ಕೈಕೆಲಸಕ್ಕೆ ಸರಿಯಾದ ಅಳತೆ. ಎರಡನೆಯ ಬಟ್ಟೆಯನ್ನೂ ಹೀಗೆಯೇ ಹಾಸಿದ ಮೇಲೆ ಕೊನೆಯಲ್ಲಿ ಮೇಲೊಂದು ನೈಲಾನ್ ಪೀಲ್ ಪ್ಲೈ ಬಟ್ಟೆ ಎಳೆದು ಒತ್ತಿ. ಗಟ್ಟಿಯಾದ ಮೇಲೆ ಅದನ್ನು ಸಿಪ್ಪೆಯಂತೆ ಸುಲಿದರೆ ಉಜ್ಜುವ ಶ್ರಮವಿಲ್ಲದೆ ಮುಂದಿನ ಅಂಟಿಗೆ ಸಿದ್ಧವಾದ ಒರಟು ಮೈ ಸಿಗುತ್ತದೆ. ಬಟ್ಟೆಯಂಗಡಿಯ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆಯೂ ಕೆಲವೊಮ್ಮೆ ಇದೇ ಕೆಲಸ ಮಾಡುತ್ತದೆ, ಆದರೆ ಚೂರಿನ ಮೇಲೆ ಪರೀಕ್ಷಿಸದೆ ಬಳಸಬಾರದು.

ನಿರ್ವಾತ ಪಂಪಿನ ಅನುಕೂಲವಿರುವವರು ಇಡೀ ಪ್ಯಾನಲನ್ನು ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿ ಗಾಳಿ ತೆಗೆಯಬಹುದು. ಅರ್ಧ ನಿರ್ವಾತವಾದರೂ ಪ್ರತಿ ಚದರ ಮೀಟರ್ ಮೇಲೆ 5 ಟನ್ನಿನಷ್ಟು ಒತ್ತಡ ಸಮವಾಗಿ ಬೀಳುತ್ತದೆ. ಇಲ್ಲದವರು ಪಾಲಿಥೀನ್ ಹಾಸಿ, ಮೇಲೆ ಪ್ಲೈವುಡ್ ಹಾಳೆಯಿಟ್ಟು ಮರಳಿನ ಚೀಲ ಹೇರಬೇಕು. ನಾನು ಮಾಡಿದ್ದು ಹೀಗೆಯೇ, ಫಲಿತಾಂಶದ ಬಗ್ಗೆ ದೂರಿಲ್ಲ. ಒಂದು ಮೈ ಗಟ್ಟಿಯಾದ ಮೇಲೆ ಮಗುಚಿ ಇನ್ನೊಂದು ಮೈ ಮಾಡಿ. ಒಂದೇ ಮೈಗೆ ಹೊದಿಕೆಯಿರುವ ಪ್ಯಾನಲನ್ನು ದಿನಗಟ್ಟಲೆ ಗೋಡೆಗೊರಗಿಸಿ ಇಟ್ಟರೆ ಅದು ಬಿಲ್ಲಿನಂತೆ ಬಾಗುತ್ತದೆ.

ಎರಡೂ ಮೈ ಮುಗಿದ ಮೇಲೆ, ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ನಾಣ್ಯವೊಂದರಿಂದ ಪ್ಯಾನಲನ್ನು ಗೇಣಿಗೊಂದು ಕಡೆ ತಟ್ಟುತ್ತ ಹೋಗಿ. ಹಿಡಿದಿರುವ ಕಡೆ ಟಣ್ ಎಂಬ ಬಿಗಿಯಾದ ಸದ್ದು ಬರುತ್ತದೆ, ಬಿಟ್ಟುಕೊಂಡ ಕಡೆ ಸದ್ದು ಮಂದವಾಗಿ ಸತ್ತಂತಾಗುತ್ತದೆ. ಅಲ್ಲಿ ಸುತ್ತ ಪೆನ್ಸಿಲ್ ಗೆರೆ ಎಳೆದು, 3 ಮಿ.ಮೀ. ಅಳತೆಯ ಎರಡು ತೂತು ಕೊರೆದು, ಒಂದರಿಂದ ಇಂಜೆಕ್ಷನ್ ಸಿರಿಂಜಿನಲ್ಲಿ ಎಪಾಕ್ಸಿ ಒತ್ತಿ. ಇನ್ನೊಂದರಿಂದ ಅದು ಹೊರಬಂದಾಗ ನಿಲ್ಲಿಸಿ, ಮೇಲೆ ಭಾರವಿಡಿ.

ಕೂಡುಗಳು

ತಳದ ಪ್ಯಾನಲ್‌ಗೆ ಒಳಮೈಯಲ್ಲಿ 6 ಮಿ.ಮೀ. ಪ್ಲೈವುಡ್ ಅಂಟಿಸಿಕೊಳ್ಳಿ; ಮೊಣಕಾಲೂರಿ ತೆವಳುವ ಜಾಗದಲ್ಲಿ ಮುಕ್ಕಾಲು ಮಿ.ಮೀ. ಹೊದಿಕೆ ತಗ್ಗು ಬೀಳುತ್ತದೆ. ಅದರ ಮೇಲೆ ಗೋಡೆಗಳನ್ನು ಮೂಲೆಮಟ್ಟ ಹಿಡಿದು ನಿಲ್ಲಿಸಿ, ಸಿಲಿಕಾ ಬೆರೆಸಿ ಬೆಣ್ಣೆಯಷ್ಟು ಗಟ್ಟಿ ಮಾಡಿದ ಎಪಾಕ್ಸಿಯಿಂದ ಅಂಟಿಸಿ, ಪಟ್ಟಿ ಬಿಗಿದು ಒಂದು ರಾತ್ರಿ ಬಿಡಿ. ಎರಡೂ ಕರ್ಣಗಳ ಅಳತೆ ಸಮವಿದೆಯೇ ಎಂದು ಅಂಟು ಹಸಿಯಿರುವಾಗಲೇ ನೋಡಿಕೊಳ್ಳಬೇಕು.

ಈ ಅಂಟು ಗೋಡೆಯನ್ನು ನಿಲ್ಲಿಸುತ್ತದೆಯೇ ಹೊರತು ಬಲ ಕೊಡುವುದಿಲ್ಲ. ಬಲ ಬರುವುದು ಒಂದು ಗೋಡೆಯ ಹೊದಿಕೆಯಿಂದ ಇನ್ನೊಂದರ ಹೊದಿಕೆಗೆ ಹಾಯುವ ಗಾಜುನಾರಿನ ಪಟ್ಟಿಯಿಂದ. ಒಳಮೂಲೆಯ ಉದ್ದಕ್ಕೂ ಗಟ್ಟಿ ಎಪಾಕ್ಸಿಯನ್ನು ಹಚ್ಚಿ, 40 ಮಿ.ಮೀ. ಪೈಪಿನ ತುಂಡಿನ ಬೆನ್ನಿನಿಂದ ಎಳೆದರೆ ಮೂಲೆ ತುಂಬಿ ಗುಂಡಾದ ಇಳಿಜಾರಾಗುತ್ತದೆ. ಅದು ಅರೆಹಸಿಯಾಗಿರುವಾಗಲೇ 45 ಡಿಗ್ರಿ ಓರೆಯಾಗಿ ಕತ್ತರಿಸಿದ 75 ಮಿ.ಮೀ. ಅಗಲದ ಒಂದು ಪಟ್ಟಿ, ಅದರ ಮೇಲೆ 100 ಮಿ.ಮೀ. ಅಗಲದ ಇನ್ನೊಂದು ಪಟ್ಟಿ ಕೂರಿಸಿ. ಓರೆಯಾಗಿ ಕತ್ತರಿಸಿದರೆ ಎಲ್ಲ ಎಳೆಗಳೂ ಮೂಲೆಯನ್ನು ದಾಟುತ್ತವೆ. ನೇರವಾಗಿ ಕತ್ತರಿಸಿದರೆ ಅರ್ಧ ಎಳೆಗಳು ಮೂಲೆಯ ಉದ್ದಕ್ಕೆ ಸುಮ್ಮನೆ ಮಲಗಿರುತ್ತವೆ. ಹೊರ ಅಂಚನ್ನು ಕನಿಷ್ಠ 12 ಮಿ.ಮೀ. ತ್ರಿಜ್ಯಕ್ಕೆ ಗುಂಡಾಗಿಸಿಯೇ ಪಟ್ಟಿ ಹಾಕಬೇಕು. ಚೂಪಾದ ಅಂಚಿನ ಮೇಲೆ ಗಾಜಿನ ಬಟ್ಟೆ ಬಾಗದೆ ಎದ್ದು ನಿಂತು ಕೆಳಗೆ ಗಾಳಿಯ ಕೊಳವೆಯೊಂದು ಉಳಿಯುತ್ತದೆ, ಮೊದಲ ಮಳೆಯ ನೀರು ಹುಡುಕಿಕೊಂಡು ಬರುವುದು ಅಲ್ಲಿಗೇ.

ತೂತು, ಬಾಗಿಲು, ಕಿಟಕಿ

ಬಾಗಿಲು ಕಿಟಕಿಗಳ ಮೂಲೆಗಳನ್ನು ಚೌಕವಾಗಿ ಕತ್ತರಿಸಬೇಡಿ. ಊಟದ ತಟ್ಟೆಯೊಂದನ್ನು ಇಟ್ಟು ಗುಂಡಾಗಿ ಗುರುತು ಹಾಕಿಕೊಳ್ಳಿ. ಚೌಕ ಮೂಲೆಯಿಂದ ಬಿರುಕು ಓಡದೆ ಇರುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಫೋಮ್ ಕಾಣುತ್ತದೆ. ಅದನ್ನು 10 ಮಿ.ಮೀ. ಆಳ ಕೆರೆದು ತೆಗೆದು ಗಟ್ಟಿ ಎಪಾಕ್ಸಿಯಿಂದ ತುಂಬಿ, ಮೇಲೆ ಒಂದು ಪದರ ಬಟ್ಟೆ ಸುತ್ತಿ.

ಮೊದಲು ಗುರುತಿಸದೆ ಬಿಟ್ಟ ಜಾಗದಲ್ಲಿ ಬೋಲ್ಟ್ ಬೇಕಾದರೆ ಒಂದು ಉಪಾಯವಿದೆ. ಬೋಲ್ಟಿಗಿಂತ ಎರಡು ಪಟ್ಟು ಅಗಲದ ತೂತನ್ನು ಒಳ ಹೊದಿಕೆಗೆ ಮಾತ್ರ ಕೊರೆಯಿರಿ. ಮೊಳೆಯೊಂದನ್ನು ಎಲ್ ಆಕಾರಕ್ಕೆ ಬಾಗಿಸಿ ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ, ತೂತಿನೊಳಗಿಳಿಸಿ ನಿಧಾನವಾಗಿ ತಿರುಗಿಸಿದರೆ ಸುತ್ತಲಿನ ಫೋಮ್ ಪುಡಿಯಾಗಿ ಬರುತ್ತದೆ, ಹೊದಿಕೆ ಹಾಗೆಯೇ ಉಳಿಯುತ್ತದೆ. ಪುಡಿಯನ್ನು ಹೀರಿ ತೆಗೆದು, ಆ ಗೂಡಿಗೆ ಗಟ್ಟಿ ಎಪಾಕ್ಸಿ ತುಂಬಿ. ಒಂದೇ ಸಲಕ್ಕೆ ತುಂಬಿದರೆ ಕಾವಿಗೆ ಫೋಮ್ ಕರಗುವುದರಿಂದ ಎರಡು ಮೂರು ಸಲ ಬಿಟ್ಟು ಬಿಟ್ಟು ತುಂಬಬೇಕು. ಮರುದಿನ ಅದರ ನಡುವೆ ಬೋಲ್ಟಿನ ಅಳತೆಗೆ ಕೊರೆದರೆ ಎಷ್ಟು ಬಿಗಿದರೂ ಪ್ಯಾನಲ್ ಅಮುಕುವುದಿಲ್ಲ, ನೀರು ನುಗ್ಗಿದರೂ ತಿರುಳನ್ನು ಮುಟ್ಟುವುದಿಲ್ಲ.

ಕಿಟಕಿಗೆ 4 ಮಿ.ಮೀ. ಅಕ್ರಿಲಿಕ್ ಹಾಳೆ ಸಾಕು. ಸುತ್ತ ಪಾಲಿಯುರೆಥೇನ್ ಸೀಲಂಟ್ ಹಚ್ಚಿ. ಸಿಲಿಕೋನ್ ಅಗ್ಗವಾದರೂ ಅದು ತಾಗಿದ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ರಿಪೇರಿಯ ಅಂಟೂ ಹಿಡಿಯುವುದಿಲ್ಲ.

ಗಾಳಿ, ಬೆಂಕಿ, ಬಣ್ಣ

ಈ ಪೆಟ್ಟಿಗೆಯ ಒಂದು ದೋಷವೆಂದರೆ ಅದು ತೀರಾ ಬಿಗಿಯಾಗಿರುವುದು. ಇಬ್ಬರು ಮಲಗಿದರೆ ರಾತ್ರಿಯಿಡೀ ಉಸಿರು ಮತ್ತು ಬೆವರಿನಲ್ಲಿ ಹೊರಬರುವ ನೀರು ಅರ್ಧ ಲೀಟರ್‌ನ ಆಸುಪಾಸಿಗೆ ಬರುತ್ತದೆ. ಕೆಮ್ಮಣ್ಣುಗುಂಡಿಯಂಥ ತಂಪು ಜಾಗದಲ್ಲಿ ಬೆಳಗ್ಗೆ ಅದು ಸೂರಿನಿಂದ ಹಾಸಿಗೆಗೆ ತೊಟ್ಟಿಕ್ಕುತ್ತದೆ. ತಳದ ಹತ್ತಿರ ಒಂದು ಗಾಳಿಕಿಂಡಿ, ಸೂರಿನ ಹತ್ತಿರ ಇನ್ನೊಂದು, ಎರಡಕ್ಕೂ ಸೊಳ್ಳೆಜಾಲರಿ ಹಾಕಿ, ಅವನ್ನು ಎಂದೂ ಮುಚ್ಚಲಾಗದಂತೆ ಮಾಡಿ. ಒಳಗೆ ಒಲೆ, ಅಗ್ಗಿಷ್ಟಿಕೆ, ಇದ್ದಿಲು ಯಾವುದೂ ಬೇಡ. ಇಷ್ಟು ಕಿರಿದಾದ ಜಾಗದಲ್ಲಿ ಇಂಗಾಲದ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಎಕ್ಸ್‌ಪಿಎಸ್ ಸುಲಭವಾಗಿ ಉರಿದು ದಟ್ಟ ಹೊಗೆ ಬಿಡುವುದರಿಂದ ಬಾಗಿಲಲ್ಲದೆ ಒಳಗಿನಿಂದ ತೆರೆದು ನುಸುಳಬಹುದಾದ ಇನ್ನೊಂದು ಕಿಟಕಿ ಇರಲೇಬೇಕು. ಅಡುಗೆಯನ್ನು ತೊಟ್ಟಿಯ ಹಿಂಬಾಗಿಲ ಹಲಗೆಯ ಮೇಲೆ ಹೊರಗೆ ಮಾಡಿಕೊಳ್ಳಿ.

ಹೊರಗೆ ಬಿಳಿ ಬಣ್ಣವನ್ನೇ ಹಚ್ಚಿ. ಇದು ಅಂದದ ಮಾತಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯ ಸುಮಾರಿಗೆ ಮೆದುವಾಗತೊಡಗುತ್ತದೆ, ಮತ್ತು ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಮೇಲ್ಮೈ ಅದನ್ನು ಸಲೀಸಾಗಿ ದಾಟುತ್ತದೆ. ಬಣ್ಣಕ್ಕೆ ಮೊದಲು ಪೆಟ್ಟಿಗೆಯನ್ನು ಒಂದು ವಾರ ಟಾರ್ಪಾಲಿನ ಕೆಳಗೆ ಬಿಸಿಲಿಗೆ ಬೆಚ್ಚಗಾಗಲು ಬಿಟ್ಟರೆ ರೆಸಿನ್ ಇನ್ನಷ್ಟು ಪಕ್ವವಾಗುತ್ತದೆ. ಬಣ್ಣ ಪಾಲಿಯುರೆಥೇನ್ ಜಾತಿಯದಾಗಿರಲಿ, ಏಕೆಂದರೆ ಎಪಾಕ್ಸಿ ತಾನಾಗಿ ಬಿಸಿಲು ತಾಳುವುದಿಲ್ಲ, ಹಳದಿಯಾಗಿ ಪುಡಿಪುಡಿಯಾಗುತ್ತದೆ.

ಗಾಡಿಗೆ ಕೂರಿಸುವುದು

ತೊಟ್ಟಿಗೆ ಮೊದಲು ರಬ್ಬರ್ ಮ್ಯಾಟ್ ಹಾಸಿ. ಪೆಟ್ಟಿಗೆಯ ತಳದ ನಾಲ್ಕೂ ಮೂಲೆಯ ಪ್ಲೈವುಡ್ ತುಂಡುಗಳಿಗೆ ಹೊರಗಿನಿಂದ ಉಕ್ಕಿನ ತಟ್ಟೆ ಕೂರಿಸಿ, ಒಳಗೂ ಅಷ್ಟೇ ಅಗಲದ ತಟ್ಟೆ ಕೊಟ್ಟು ಬೋಲ್ಟ್ ಬಿಗಿದು, ತೊಟ್ಟಿಯ ಕೊಂಡಿಗಳಿಗೆ ಟರ್ನ್‌ಬಕಲ್‌ನಿಂದ (ನಡುವೆ ತಿರುಗಿಸಿ ಬಿಗಿಯುವ ಕೊಂಡಿ) ಎಳೆಯಿರಿ. ಎಲ್ಲರೂ ಗಾಳಿಗೆ ಹೆದರುತ್ತಾರೆ. ಆದರೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿ ಪ್ರತಿ ಚದರ ಮೀಟರ್‌ಗೆ ಒತ್ತುವುದು ಹೆಚ್ಚೆಂದರೆ 30 ಕೆ.ಜಿ. ಬಾಗಿಲು, ಹಾಸಿಗೆ, ನೀರಿನ ಕ್ಯಾನು, ಸಾಮಾನು ಸೇರಿ 300 ಕೆ.ಜಿ. ಆಗುವ ಪೆಟ್ಟಿಗೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ 240 ಕೆ.ಜಿ. ಬಲದಿಂದ ಕ್ಯಾಬಿನ್ನಿನ ಬೆನ್ನಿಗೆ ನುಗ್ಗುತ್ತದೆ. ಮುಂದಕ್ಕೆ ಜಾರದಂತೆ ತಡೆಯುವ ಕಟ್ಟು ಮತ್ತು ಮುಂಗೋಡೆಗೆ ಒತ್ತಿ ನಿಲ್ಲುವ ಮರದ ತುಂಡು ಇವೆರಡೂ ಇರಬೇಕು.

ಹೊರಡುವ ಮೊದಲು ಒಬ್ಬರನ್ನು ಒಳಗೆ ಟಾರ್ಚ್ ಮತ್ತು ಸೀಮೆಸುಣ್ಣದ ಜೊತೆ ಕೂರಿಸಿ, ಹೊರಗಿನಿಂದ ಅರ್ಧ ಗಂಟೆ ನೀರು ಹಾಯಿಸಿ. ಕೆಳಗಿನ ಕೂಡುಗಳಿಂದ ಶುರುಮಾಡಿ ಒಂದೊಂದಾಗಿ ಮೇಲಕ್ಕೆ ಹೋದರೆ ಮಾತ್ರ ಸೋರಿಕೆ ಎಲ್ಲಿಂದ ಎಂಬುದು ತಿಳಿಯುತ್ತದೆ. ಮೊದಲ 500 ಕಿ.ಮೀ. ಓಡಿದ ಮೇಲೆ ಟರ್ನ್‌ಬಕಲ್‌ಗಳನ್ನು ಮತ್ತೆ ಬಿಗಿದು, ಬಾಗಿಲ ಮೂಲೆಗಳಲ್ಲಿ ಬಣ್ಣದ ಮೇಲೆ ಕೂದಲೆಳೆಯ ಬಿರುಕೇನಾದರೂ ಕಂಡರೆ ಅಲ್ಲಿಯ ಬಣ್ಣವನ್ನು ಕೆರೆದು ಗಾಜುನಾರಿನವರೆಗೆ ನೋಡಿ. ಬಿರುಕು ಬಣ್ಣದಲ್ಲಷ್ಟೇ ಇದ್ದರೆ ಮತ್ತೆ ಹಚ್ಚಿದರೆ ಆಯಿತು. ನಾರಿನಲ್ಲೂ ಇದ್ದರೆ ಸುತ್ತ ಒಂದು ಗೇಣು ಜಾಗವನ್ನು ಉಜ್ಜಿ, ಪೂರ್ತಿ ಒಣಗಿಸಿ, ಓರೆಯಾಗಿ ಕತ್ತರಿಸಿದ ಎರಡು ಪದರ ಬಟ್ಟೆಯನ್ನು ಅದೇ ಮಧ್ಯಾಹ್ನದ ಇಳಿಹೊತ್ತಿನಲ್ಲಿ ಹಚ್ಚಿ, ಮರುದಿನ ನಾಣ್ಯದಿಂದ ತಟ್ಟಿ ನೋಡಿ.